ಒಲೆ ಮುಂದೆ ಕುಂತದ್ದು

ಕೆಂಚಕ್ಕನ ಮೈಮೇಲೆ ದೇವಿ ಮೊದಲು ಬಂದದ್ದು ಗುಡಿಯಲ್ಲಲ್ಲ, ರಾಂಪುರದ ಟಾಕೀಸಿನಲ್ಲಿ, ನೆಲದ ಟಿಕೆಟ್ಟಿನ ಜಾಗದಲ್ಲಿ, ಶೇಂಗಾ ಸಿಪ್ಪೆಯ ನಡುವೆ. ಆಗ ಅವಳಿಗೆ ಮೂವತ್ತು ತುಂಬಿರಲಿಲ್ಲ. ದೇವಿಯ ಪಿಚ್ಚರುಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ ಅದು. ಕೆಲವು ಕನ್ನಡದವು, ಹೆಚ್ಚಿನವು ತೆಲುಗಿನವು. ಆ ಸೀಮೆಯ ಹೆಂಗಸರಿಗೆ ಎರಡೂ ಒಂದೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ದೇವಿ ತ್ರಿಶೂಲ ಎತ್ತಿದಳೆಂದರೆ ತೆರೆಯ ಮುಂದೆ ಕಾಯಿ ಒಡೆಯುತ್ತಿದ್ದರು. ಅಂಥ ಒಂದು ಮ್ಯಾಟ್ನಿಯಲ್ಲಿ, ಬೆಳಗಿನಿಂದ ಶೇಂಗಾ ಕಿತ್ತು ಹೊಟ್ಟೆಗಿಲ್ಲದೆ ಬಂದು ಕೂತಿದ್ದ ಕೆಂಚಕ್ಕ ಎದ್ದು ನಿಂತು, ಜಡೆ ಬಿಚ್ಚಿಕೊಂಡು ಕೂಗಿದಳು. ಏನು ಕೂಗಿದಳೋ ಅವಳಿಗೆ ತಿಳಿಯದು. ಆ ಒಂದು ಸಲದ್ದು ಮಾತ್ರ ತಿಳಿಯದು.

ಮುಂದಿನ ಪಿಚ್ಚರಿಗೆ ಟಾಕೀಸಿನ ಮಾಲೀಕ ಯರ್ರಪ್ಪ ಅವಳ ಊರಿಗೇ ಟ್ರ್ಯಾಕ್ಟರ್ ಕಳಿಸಿದ. "ಬಾರಮ್ಮ ಕೆಂಚಕ್ಕ, ನೀನು ಮುಂದೆ ಕುಂತ್ರೆ ಹಿಂದೆ ನಿಲ್ಲಾಕೂ ಜಾಗ ಸಿಗಾಕಿಲ್ಲ" ಎಂದು ತೆರೆಯ ಹತ್ತಿರ ಚಾಪೆ ಹಾಸಿಸಿ, ಬೇವಿನ ಸೊಪ್ಪು, ಅರಿಸಿನ ಇಡಿಸಿದ. ದೇವಿ ತೆರೆಯ ಮೇಲೆ ಬಂದಳು. ಕೆಂಚಕ್ಕನ ಮೇಲೆ ಬರಲಿಲ್ಲ. ಕಾದಳು. ಹೆಂಗಸರೆಲ್ಲ ತೆರೆ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಮಡಿಲಲ್ಲಿದ್ದ ಕೂಸು ಪಾಲಾಕ್ಷನನ್ನು ಪಕ್ಕದವಳ ಮಡಿಲಿಗೆ ಹಾಕಿ ಎದ್ದು ನಿಂತಳು. ಅಲ್ಲಿಂದಾಚೆಗೆ ಪ್ರತಿ ಸಲವೂ ಮೊದಲು ಕೂಸನ್ನು ಕೊಡುತ್ತಿದ್ದಳು, ಆಮೇಲೆ ಏಳುತ್ತಿದ್ದಳು. ಮೈಮೇಲೆ ಬಂದ ದೇವಿಗೆ ಕೂಸಿನ ಚಿಂತೆ ಏಕೆ ಎಂದು ಯಾರೂ ಕೇಳಲಿಲ್ಲ.

ಕಾಯಿ ಹಿಡಿದು ಮೊದಲು ಬಂದವರು ದೇವಿಯನ್ನು ಒಂದು ಮಾತು ಕೇಳಬಹುದಿತ್ತು. ಕಳೆದುಹೋದ ಎತ್ತು, ಕುಡಿಯುವ ಗಂಡ, ನಿಲ್ಲದ ಬಸಿರು. ಯಾವ ಮನೆಗೂ ಒಪ್ಪುವ ಒಂದು ಉತ್ತರವನ್ನು ಕೆಂಚಕ್ಕ ಕಂಡುಕೊಂಡಿದ್ದಳು: "ಹೊರಗಿಂದ ಬಂದಿಲ್ಲ ಕಣೇ. ನಿನ್ನ ಒಲೆ ಮುಂದೇನೆ ಕುಂತೈತೆ." ಕೇಳಿದವರು ಮನೆಗೆ ಹೋಗಿ ಒಲೆಯ ಮುಂದಿನ ಮಣ್ಣು ಅಗೆಯುತ್ತಿದ್ದರು. ಮೂಳೆಯೋ ಮೊಳೆಯೋ ಏನಾದರೊಂದು ಸಿಗುತ್ತಿತ್ತು. ಊರಾಚೆ ಎಸೆದು ನೆಮ್ಮದಿಯಾಗುತ್ತಿದ್ದರು.

ಕೊಂಡ್ಲಹಳ್ಳಿಯ ಬಸವಲಿಂಗಮ್ಮ ಮಾತ್ರ ಮಣ್ಣು ಅಗೆಯಲಿಲ್ಲ. ಅವಳ ಮನೆಯಲ್ಲಿ ಎರಡು ಮೊಮ್ಮಕ್ಕಳು ಹುಟ್ಟಿ ತೀರಿಕೊಂಡಿದ್ದವು. ಒಲೆಯ ಮುಂದೆ ಕೂರುವವಳು ಯಾರು ಎಂದು ಯೋಚಿಸಿದಳು. ಸೊಸೆ ನಿರ್ಮಲಾಳನ್ನು ಬಟ್ಟೆಗಂಟಿನ ಸಮೇತ ಚಳ್ಳಕೆರೆಯ ತವರಿಗೆ ಬಿಟ್ಟು ಬಂದರು. ಮತ್ತೆ ಕರೆತರಲಿಲ್ಲ.

ಸುದ್ದಿ ಕೆಂಚಕ್ಕನಿಗೆ ಹೊಲದಲ್ಲಿ ಸಿಕ್ಕಿತು. ಹೋಗಿ ಹೇಳಬಹುದಿತ್ತು. ಏನೆಂದು? ಆಡಿದ್ದು ದೇವಿಯಾದರೆ ಹಿಂದಕ್ಕೆ ತೆಗೆದುಕೊಳ್ಳಲು ಇವಳು ಯಾರು? ಆಡಿದ್ದು ತಾನೇ ಎಂದರೆ ಊರು ಬಿಡಬೇಕು. ತಲೆ ಬಗ್ಗಿಸಿ ಸಾಲು ಮುಗಿಸಿದಳು.

ಕಾಲ ಸರಿಯಿತು. ಟಾಕೀಸು ಶೇಂಗಾ ಗೋದಾಮಾಯಿತು. ಗಂಡ ತೀರಿಕೊಂಡ. ಕೆಂಚಕ್ಕ ಮಂಗಳವಾರ, ಶುಕ್ರವಾರ ಬೇವಿನ ಕಟ್ಟೆಯ ಮೇಲೆ ಕೂತು ಭಂಡಾರ ಕೊಡುತ್ತಿದ್ದಳು. ಊರಲ್ಲಿ ಅವಳ ಮಾತು ನಡೆಯುತ್ತಿದ್ದುದು ಅದರಿಂದ. ಮಗ ಪಾಲಾಕ್ಷನ ಮನೆಯಲ್ಲಿ ಮೊದಲ ರೊಟ್ಟಿ ಅವಳ ತಟ್ಟೆಗೆ ಬೀಳುತ್ತಿದ್ದುದೂ ಅದರಿಂದಲೇ. ಆ ರೊಟ್ಟಿ ತಟ್ಟುವವಳೂ ಅವಳೇ ಎನ್ನುವುದು ಬೇರೆ ಮಾತು.

ಹಾಗಿರುವಾಗ ದಿವ್ಯಾ ಬಂದಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಸಿನಿಮಾ ಅಲ್ಲ, ಸಿನಿಮಾ ನೋಡುವ ಜನ ಅವಳ ವಿಷಯ.

"ಅರ್ಥ ತೆರೆ ಮೇಲಿರಲ್ಲ ಅಮ್ಮ. ಕೂತು ನೋಡೋರು ಅದನ್ನ ಮಾಡ್ಕೋತಾರೆ. ಬಾಯಿಲ್ಲದ ಹೆಂಗಸರಿಗೆ ಆ ಟಾಕೀಸಲ್ಲಿ ಬಾಯಿ ಬಂತು. ನಾನು ಬರೀತಿರೋದು ಅದನ್ನೇ."

"ಬಂದಿದ್ದು ನಿಜಾನೋ ಸುಳ್ಳೋ ಅಂತ ಪರೀಕ್ಷೆ ಮಾಡ್ತೀಯೇನವ್ವ?" ಕೆಂಚಕ್ಕ ಕೇಳಿದಳು.

"ಅದು ನನ್ನ ಪ್ರಶ್ನೆನೇ ಅಲ್ಲ. ಜನ ನಂಬಿ ಏನು ಮಾಡಿದರು ಅನ್ನೋದಷ್ಟೇ ನನಗೆ ಬೇಕು."

ಕೆಂಚಕ್ಕನಿಗೆ ಉಸಿರು ಬಂದಂತಾಯಿತು. ದಿವ್ಯಾ ದಡ್ಡಿಯಲ್ಲ, ಅವಳ ಮಾತು ತಪ್ಪೂ ಅಲ್ಲ. ಆದರೆ ಅದೇ ಮಾತು ತನ್ನ ಕೊರಳಿಗೆ ಬರಬಹುದೆಂದು ಕೆಂಚಕ್ಕನಿಗೆ ಹೊಳೆಯಲಿಲ್ಲ. ಹಳೆಯ ಟಾಕೀಸಿನಲ್ಲೇ ಹಳೆಯ ಪಿಚ್ಚರ್ ಹಾಕಿ, ಹಳೆಯ ಹೆಂಗಸರನ್ನೆಲ್ಲ ಕೂರಿಸಿ ಕ್ಯಾಮೆರಾದಲ್ಲಿ ಹಿಡಿಯುವುದೆಂದು ನಿಶ್ಚಯವಾಯಿತು. "ಚಳ್ಳಕೆರೆಯಿಂದ್ಲೂ ಒಬ್ಬರು ಬರ್ತಾರೆ. ಆಗ ನಿಮ್ಮನ್ನ ನೋಡಿದ್ರಂತೆ" ಎಂದಳು ದಿವ್ಯಾ, ಹೊರಡುವಾಗ.

ಸೊಸೆ ಗೀತಮ್ಮ ಅಂದೇ ಕಾಯಿ ತಂದಿಟ್ಟಳು. ಅವಳ ಮೂರು ವರ್ಷದ ಕೂಸಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆ ಕೊಟ್ಟರೂ ನಿಂತಿರಲಿಲ್ಲ. "ನಾನೇ ಮೊದ್ಲು ಕೇಳ್ತೀನಿ ಅತ್ತೆ. ಮನೇಲಿ ಕೇಳಿದ್ರೆ ನೀವು ಅತ್ತೆ. ಅಲ್ಲಿ ಕೇಳಿದ್ರೆ ಅಮ್ಮ."

ಪಿಚ್ಚರಿನ ದಿನ ಕೆಂಚಕ್ಕ ಎದ್ದು ನಿಲ್ಲಲೇಬೇಕಿತ್ತು. ನಿಲ್ಲದಿದ್ದರೆ ಕಟ್ಟೆಯೂ ಇಲ್ಲ, ಮನೆಯಲ್ಲಿ ಮುಖವೂ ಇಲ್ಲ.

ಗೋದಾಮಿನ ಮುಂಭಾಗದ ಚೀಲಗಳನ್ನು ಯರ್ರಪ್ಪ ತೆಗೆಸಿಕೊಟ್ಟಿದ್ದ. ಮಧ್ಯಾಹ್ನವೇ ಆದರೂ ಬಾಗಿಲು ಹಾಕಿದರೆ ಒಳಗೆ ಕತ್ತಲೆ. ಮುಗ್ಗಿದ ಶೇಂಗಾದ ವಾಸನೆ. ಮುದುಕ ಯರ್ರಪ್ಪ ಕೋಲೂರಿ ನಿಂತು, "ದೇವಿಗೆ ವಯಸ್ಸಾಗಾಕಿಲ್ಲ, ನಮ್ಮ ಕೆಂಚಕ್ಕನಿಗೆ ಮಂಡಿ ಹಿಡ್ಕಂಡಾವೆ. ಹೊತ್ತಿಗೆ ಸರಿಯಾಗಿ ಎತ್ತಿ ನಿಲ್ಲಿಸ್ರಮ್ಮ" ಎಂದು ನಗಿಸಿದ.

ದಿವ್ಯಾ ಕರೆತಂದ ಹೆಂಗಸು ಕೆಂಚಕ್ಕನ ಪಕ್ಕದಲ್ಲೇ ಕೂತಳು. ಐವತ್ತರ ಆಸುಪಾಸು, ಕನ್ನಡಕ, ಒಗೆದ ನೂಲಿನ ಸೀರೆ.

"ಗುರುತು ಸಿಕ್ತೇನಕ್ಕ?"

"ಇಲ್ಲವ್ವ. ಕಣ್ಣು ಮಂಜು."

"ನಾನು ನಿರ್ಮಲಾ. ಕೊಂಡ್ಲಹಳ್ಳಿ ಬಸವಲಿಂಗಮ್ಮನ ಸೊಸೆ ಆಗಿದ್ನಲ್ಲ."

ಕೆಂಚಕ್ಕ ಕೂತಲ್ಲೇ ತುಸು ಸರಿದಳು. "ಚೆನ್ನಾಗಿದೀಯೇನವ್ವ?"

"ಎಣ್ಣೆ ಗಿರಣೀಲಿ ಶೇಂಗಾ ಕಾಯಿ ಆರಿಸ್ತೀನಿ. ಚೆನ್ನಾಗೇ ಇದೀನಿ." ನಿರ್ಮಲಾ ಗೀತಮ್ಮನನ್ನು ನೋಡಿ ಕೆಂಚಕ್ಕನನ್ನು ಕೇಳಿದಳು. "ನಿನ್ನ ಸೊಸೇನಾ? ಕೂಸು ಮುದ್ದಾಗೈತೆ."

"ಫಿಟ್ಸ್ ಬರ್ತಾವಕ್ಕ. ಅದನ್ನೇ ಕೇಳಾನ ಅಂತ ಬಂದೀನಿ."

"ಅಯ್ಯೋ." ನಿರ್ಮಲಾ ಕೂಸಿನ ತಲೆ ಸವರಿದಳು. "ಮನೇಲಿ ಅಡಿಗೆ ಯಾರು ಮಾಡ್ತೀರವ್ವ?"

"ಅತ್ತೇನೇ. ಒಲೆ ಬಿಟ್ಟು ಏಳಾಕಿಲ್ಲ, ನನ್ನ ಕೈ ಅಡಿಗೆ ಅವರಿಗೆ ಸೇರಾಕಿಲ್ಲ" ಎಂದು ಗೀತಮ್ಮ ನಕ್ಕಳು.

ನಿರ್ಮಲಾಳೂ ನಕ್ಕಳು.

ಪಿಚ್ಚರ್ ಶುರುವಾಯಿತು. ಕೆಂಚಕ್ಕ ನೋಡಲಿಲ್ಲ. ತೆರೆಯ ಬೆಳಕು ಪಕ್ಕದ ಕನ್ನಡಕದ ಗಾಜಿನ ಮೇಲೆ ಆಡುವುದನ್ನೇ ಓರೆಗಣ್ಣಿನಲ್ಲಿ ಕಾಯುತ್ತಿದ್ದಳು. ಕೊನೆಗೆ ಉರುಮೆ ವಾದ್ಯ ಮೊಳಗಿತು, ದೇವಿ ಬಂದಳು, ಕರ್ಪೂರ ಹಚ್ಚಿದರು. ಕೆಂಚಕ್ಕ ಕೈಯೂರಿ ಏಳಲು ನೋಡಿದಳು. ಮಂಡಿ ಏಳಲಿಲ್ಲ.

ಅಷ್ಟರಲ್ಲಿ ನಿರ್ಮಲಾ ಕನ್ನಡಕ ತೆಗೆದಳು. ಮಡಚಿ ಪೆಟ್ಟಿಗೆಗಿಟ್ಟಳು. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ, ಚೀಲವನ್ನು ಗೋಡೆಯ ಬದಿಗೆ ಸರಿಸಿದಳು. ಆಮೇಲೆ ಎದ್ದು ನಿಂತು ಜಡೆ ಬಿಚ್ಚಿ ಕೂಗಿದಳು.

ಹಿಂದೆ ಕೆಂಚಕ್ಕ ಕೂಸನ್ನು ಪಕ್ಕದವಳ ಮಡಿಲಿಗೆ ಕೊಡುತ್ತಿದ್ದ ಹಾಗೆಯೇ. ಕೆಂಚಕ್ಕನೊಬ್ಬಳೇ ಅದನ್ನು ಕಂಡಳು. "ಸುಳ್ಳು" ಎನ್ನಲು ಬಾಯಿ ತೆರೆದಳು. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ?

ಹೆಂಗಸರು ಮುಗಿಬಿದ್ದರು. ಗೀತಮ್ಮ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಆಮೇಲೆ ಕೂಸನ್ನು ಎತ್ತಿಕೊಂಡು, ಕಾಯಿ ಹಿಡಿದು ನಿರ್ಮಲಾಳ ಕಾಲಿಗೆ ಬಿದ್ದಳು. "ನನ್ನ ಕೂಸಿಗೆ ಏನಾಗೈತೆ ತಾಯೀ?"

"ಹೊರಗಿಂದ ಬಂದಿಲ್ಲ ಕಣೇ" ಎಂದಳು ನಿರ್ಮಲಾ, ಒಂದಕ್ಷರ ಆಚೀಚೆಯಾಗದಂತೆ. "ನಿನ್ನ ಒಲೆ ಮುಂದೇನೆ ಕುಂತೈತೆ."

ಗೀತಮ್ಮ ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಅಕ್ಕಪಕ್ಕದವರು ಸೆರಗು ಎಳೆದುಕೊಂಡು ಸರಿದರು. ಕೆಂಚಕ್ಕನ ಸುತ್ತ ಚಾಪೆ ಬರಿದಾಯಿತು. ದಿವ್ಯಾಳ ಕ್ಯಾಮೆರಾ ಒಮ್ಮೆ ನಿರ್ಮಲಾಳ ಕಡೆ, ಒಮ್ಮೆ ಈ ಬರಿದಾದ ಚಾಪೆಯ ಕಡೆ ತಿರುಗುತ್ತಿತ್ತು.

ಊರಿಗೆ ಮರಳುವಾಗ ಆಟೋದಲ್ಲಿ ಗೀತಮ್ಮ ಕೂಸನ್ನು ಆಚೆ ಮಗ್ಗುಲಿಗೆ ಹಾಕಿಕೊಂಡಳು. ಮನೆ ಸೇರಿ ಕೆಂಚಕ್ಕ ಎಂದಿನಂತೆ ಒಳಗೆ ಹೋಗಲು ಹೊರಟಾಗ ಬಾಗಿಲಿಗೆ ಅಡ್ಡ ನಿಂತಳು.

"ಜಗಲಿ ಮೇಲೇ ಕುಂತ್ಕಳ್ರಿ ಅತ್ತೆ. ಅವರು ಬರ್ಲಿ."

ಕೆಂಚಕ್ಕ ಕೂತಳು. ಬಸವಲಿಂಗಮ್ಮನ ಸೊಸೆಗೆ ಹೋಗಲು ತವರಾದರೂ ಇತ್ತು. ಕೆಂಚಕ್ಕ ಮೆಲ್ಲಗೆ ಅಂದಳು: "ಗುದ್ದಲಿ ತಗಂಡು ಒಲೆ ಮುಂದೆ ಒಂದೀಟು ಅಗೆದು ನೋಡವ್ವ ಗೀತಾ. ಮಣ್ಣಾಗೆ ಏನಾರ ಇರ್ತೈತೆ."

"ನಮ್ದು ಸಿಮೆಂಟ್ ನೆಲ, ಅತ್ತೆ" ಎಂದಳು ಗೀತಮ್ಮ.

ಬೀದಿಯ ಕೊನೆಯಲ್ಲಿ ಪಾಲಾಕ್ಷನ ಬೈಕಿನ ಸದ್ದು ಕೇಳಿಸಿತು. ಕೂಸನ್ನು ಕಂಕುಳಿಗೆ ಹಾಕಿಕೊಂಡು ಗೀತಮ್ಮ ಅವನಿಗೆದುರಾಗಿ ಹೊರಟಳು. ಮನೆವರೆಗೂ ಬರಲೆಂದು ಅವಳು ಕಾಯಲಿಲ್ಲ.