ಒಲೆ ಹಚ್ಚುವ ಮುಂಚೆ ಒಂದು ಮಾತು

ಗಿರೀಶಣ್ಣ ಆ ಕಥೆಯನ್ನು ಮತ್ತೆ ಶುರು ಮಾಡಿದ. ಈ ಸಲ ಕೇಳುವ ಕರ್ಮ ಬಿದ್ದದ್ದು ಬಟ್ಟೆ ಒಣಗಿಸುವ ಮೆಷಿನ್ನು ಕೂರಿಸಲು ಬಂದಿದ್ದ ಅಮರೇಶ ಎಂಬುವವನಿಗೆ. ಸಿಂಗಸಂದ್ರದ ಆ ಫ್ಲಾಟಿನ ಬಾಲ್ಕನಿ ಪಕ್ಕದ ಸಂದಿಯಲ್ಲಿ ಹೊಸ ಮೆಷಿನ್ನು ಗುರ್ ಎನ್ನುತ್ತಿತ್ತು. ಪರೀಕ್ಷೆಗೆಂದು ಹಾಕಿದ್ದ ಒದ್ದೆ ಟವೆಲ್ಲು ಗಾಜಿನ ಹಿಂದೆ ದೊಪ್ಪ ದೊಪ್ಪ ಬೀಳುತ್ತಿತ್ತು. ಸುತ್ತ ಬಿಸಿ ಬಟ್ಟೆಯ ವಾಸನೆ. ಇಸ್ತ್ರಿ ಗಾಡಿಯ ಮುಂದೆ ನಿಂತಾಗ ಬರುತ್ತದಲ್ಲ, ಅದೇ. ಇದ್ದಿಲಿನ ಘಾಟು ಮಾತ್ರ ಇಲ್ಲ. ಆ ಘಾಟು ಎಲ್ಲಿಗೆ ಹೋಯಿತು ಎಂದು ಯೋಚಿಸುತ್ತಿದ್ದೆ, ಅಷ್ಟರಲ್ಲಿ ಗಿರೀಶಣ್ಣನ ದನಿ ಏರಿತು.

"ಪೀಣ್ಯದಲ್ಲಿ ನಮ್ಮನೆ ಹಿಂದೆ ಒಂದು ಫೌಂಡ್ರಿ ಇತ್ತು ಗುರು. ಕಲ್ಲಿದ್ದಲ ಹೊಗೆ ಅಂದ್ರೆ ಹೊಗೆ! ನಮ್ಮಮ್ಮ ಒಬ್ರೇ ಒಳಗೆ ನುಗ್ಗಿ, ಮಸಿ ಹಿಡಿದ ಬಟ್ಟೆ ಓನರ್ ಟೇಬಲ್ ಮೇಲೆ ಎಸೆದು, ಇವತ್ತೇ ಮುಚ್ರಿ ಅಂದ್ರು. ಮುಚ್ಚಿದ್ರು. ಈ ಕ್ಲೈಮೇಟ್ ಚೇಂಜು ಗೀಂಜು ಅಂತ ಯಾರೂ ಮಾತಾಡದೇ ಇದ್ದ ಕಾಲ!"

"ಹೌದ್ರಿ?" ಎಂದ ಅಮರೇಶ, ಸ್ಪಾನರನ್ನು ಚೀಲಕ್ಕೆ ಹಾಕುತ್ತ.

ಅಲ್ಲರೀ, ಅಲ್ಲ! ನನಗೆ ಹೀಗೆ ಕೂಗಬೇಕೆನಿಸಿತು. ಗಿರೀಶಣ್ಣನ ತಾಯಿ, ಅಂದರೆ ನನ್ನ ದೊಡ್ಡಮ್ಮ, ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಿರುಗುವ ಟವೆಲ್ಲನ್ನು ಪಕ್ಕದ ಮನೆಯ ಜಗಳ ನೋಡುವಂತೆ ನೋಡುತ್ತಿದ್ದಳು. ತನ್ನ ಕಥೆಯನ್ನು ತಿದ್ದುವ ಉತ್ಸಾಹ ಅವಳಿಗಿಲ್ಲ. ನನಗಿದೆ. ನಿಮ್ಮ ಮನೆಯಲ್ಲೂ ಇಂಥದೊಂದು ಕಥೆ ಇರಬಹುದು. ಪ್ರತಿ ಮದುವೆಯಲ್ಲಿ, ಪ್ರತಿ ನಾಮಕರಣದಲ್ಲಿ ಒಂದೊಂದು ಗಿರಕಿ ಹೊಡೆದು, ಕೊನೆಗೆ ನಡೆದದ್ದಕ್ಕೂ ಹೇಳುವುದಕ್ಕೂ ಸಂಬಂಧವೇ ಉಳಿಯದಂಥದು. ನಾನಂತೂ ಆ ದಿನ ಫೌಂಡ್ರಿಯಲ್ಲಿದ್ದೆ. ದೊಡ್ಡಮ್ಮನ ಸೆರಗು ಹಿಡಿದುಕೊಂಡು ನಿಂತಿದ್ದೆ. ಮಸಿ ಹಿಡಿದದ್ದು ಶಾಲೆಗೆ ಹಾಕುವ ನನ್ನ ಶನಿವಾರದ ಬಿಳಿ ಅಂಗಿಗೆ.

ಆಗ ನಾವೆಲ್ಲ ಪೀಣ್ಯದ ಲೇತು ಶೆಡ್ಡುಗಳ ಹಿಂದಿನ ಒಂದು ಗಲ್ಲಿಯಲ್ಲಿದ್ದೆವು. ಕೆಳಗೆ ದೊಡ್ಡಮ್ಮನ ಮನೆ, ಮೇಲೆ ನಮ್ಮದು, ಅದರ ಮೇಲೆ ಬಟ್ಟೆ ಒಣಗುವ ತಾರಸಿ, ತಾರಸಿಗೆ ಮುಖ ಕೊಟ್ಟು ಫೌಂಡ್ರಿಯ ಚಿಮಣಿ. ಒಳಗೆ ಎತ್ತರದ ಕೊಳವೆಯಂಥ ಕುಲುಮೆ. ಅದರಲ್ಲಿ ಕಬ್ಬಿಣದ ಚೂರು ಒಂದು ಪದರ, ಕೋಕ್ ಒಂದು ಪದರ. ಕೋಕ್ ಎಂದರೆ ಕಲ್ಲಿದ್ದಲನ್ನೇ ಒಮ್ಮೆ ಬೇಯಿಸಿ ಗಟ್ಟಿ ಮಾಡಿದ್ದು. ಗಲ್ಲಿಯ ಬಾಯಲ್ಲಿ ಕುಲುಮೆಯ ಹೆಸರು ದೊಡ್ಡೊಲೆ. ದೊಡ್ಡೊಲೆಯನ್ನು ದಿನವೂ ಹಚ್ಚುತ್ತಿರಲಿಲ್ಲ. ಎರಕ ಹೊಯ್ಯುವ ಅಚ್ಚುಗಳು ಸಾಕಷ್ಟು ತಯಾರಾದ ದಿನ ಹಚ್ಚುತ್ತಿದ್ದರು. ಅದು ಯಾವ ದಿನ? ಅವರಿಗೇ ಗೊತ್ತು. ಮಸಿಗಿಂತ ಈ ಗೊತ್ತಿಲ್ಲದಿರುವುದೇ ಗಲ್ಲಿಯ ಹೆಂಗಸರಿಗೆ ದೊಡ್ಡ ರೇಜಿಗೆ.

ಫೌಂಡ್ರಿಯ ಯಜಮಾನರು ಒರಟರಲ್ಲ. ದೊಡ್ಡಮ್ಮ ಅಂಗಿಯನ್ನು ಎಸೆಯಲೂ ಇಲ್ಲ. ಮಡಿಸಿ ತಂದದ್ದನ್ನು ಮೇಜಿನ ಮೇಲೆ ಬಿಡಿಸಿಟ್ಟಳು, ಸೀರೆ ಅಂಗಡಿಯವರು ತೋರಿಸುವ ಹಾಗೆ.

"ನೋಡೀಮ್ಮ, ಒಲೆ ನಿಲ್ಸಿ ಅಂದ್ರೆ ಆಗಲ್ಲ. ಇಷ್ಟು ಜನ ಇದ್ರಲ್ಲೇ ಊಟ ಮಾಡ್ತಿದಾರೆ" ಎಂದರು ಅವರು.

"ನಿಲ್ಸಿ ಅಂತ ಯಾರ್ರೀ ಅಂದ್ರು? ಹಚ್ಚೋ ಮುಂಚೆ ಒಂದು ಮಾತು ಹೇಳಿ ಅಂದೆ. ಅಷ್ಟೂ ಬಾಯಿಲ್ವಾ ನಿಮ್ಮೋರಿಗೆ?"

ಇಷ್ಟೇ ಹೋರಾಟ. ಘೋಷಣೆ ಇಲ್ಲ, ಧರಣಿ ಇಲ್ಲ. ಇನ್ನೂ ಒಂದು ಸಂಗತಿಯನ್ನು ಕುಟುಂಬದ ಇತಿಹಾಸಕಾರರು ನುಂಗಿಹಾಕಿದ್ದಾರೆ. ಹೊರಡುವಾಗ ದೊಡ್ಡಮ್ಮನ ಕಣ್ಣು ಬಾಗಿಲ ಪಕ್ಕದ ಗುಡ್ಡೆಯ ಮೇಲೆ ಬಿತ್ತು. ಕುಲುಮೆಯಿಂದ ಎಳೆದು ಹಾಕಿದ, ಅರೆಬರೆ ಉರಿದ ಕೋಕ್.

"ಇದನ್ನೇನ್ ಮಾಡ್ತೀರಿ?"

"ಎಸೀತೀವಿ."

"ಎಸೀಬೇಡಿ."

ಅಂದಿನಿಂದ ದೊಡ್ಡೊಲೆ ಹಚ್ಚುವ ಬೆಳಿಗ್ಗೆ ಫೌಂಡ್ರಿಯ ಹಿರಿಯ ಕೆಲಸಗಾರ ಹನುಮಂತಪ್ಪ ಗೇಟಿಗೆ ನೇತುಹಾಕಿದ್ದ ರೈಲು ಕಂಬಿಯ ತುಂಡನ್ನು ಸುತ್ತಿಗೆಯಿಂದ ಬಡಿಯತೊಡಗಿದ. ಶಾಲೆಯ ಗಂಟೆಯಂಥ ಸದ್ದು, ಅದಕ್ಕಿಂತ ಕರ್ಕಶ. "ಕಂಬಿ ಬಡಿದ್ರೂ!" ಎಂದು ಯಾರೋ ಒಬ್ಬರು ಕೂಗಿದರೆ ಸಾಕು, ಗಲ್ಲಿಯ ಹೆಂಗಸರೆಲ್ಲ ಹಲ್ಲುಜ್ಜುತ್ತಿದ್ದವರು ಉಜ್ಜುತ್ತಲೇ, ಹಿಟ್ಟು ಕಲಸುತ್ತಿದ್ದವರು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತುತ್ತಿದ್ದರು. ಪಕ್ಕದ ಮನೆಯವರು ಊರಲ್ಲಿಲ್ಲದಿದ್ದರೆ ಅವರ ಬಟ್ಟೆಯನ್ನೂ ಎತ್ತಬೇಕು, ಅದು ನಿಯಮ. ನನ್ನ ಅಮ್ಮ ಯಾರದೋ ಪಂಚೆಯನ್ನು ಅಪ್ಪನ ಪಂಚೆಯೆಂದು ತಿಂಗಳುಗಟ್ಟಲೆ ಮಡಿಸಿಟ್ಟಿದ್ದಳು. ಮಾರನೆಯ ದಿನ ಹಿಂಗೋಡೆಯ ಮೇಲೆ ಒಂದು ಬಕೆಟ್ ಕೋಕ್ ತಪ್ಪದೆ ಕೂತಿರುತ್ತಿತ್ತು. ಅದು ನೇರ ನಮ್ಮ ಹಂಡೆ ಒಲೆಗೆ. ಸೌದೆಯ ಮೇಲೆ ಹಾಕಿ ಊದಿದರೆ ಸಂಜೆಯವರೆಗೂ ನೀರು ಸುಡುತ್ತಿತ್ತು. ಅಂದರೆ, ಪರಿಸರ ಹೋರಾಟಗಾರ್ತಿಯೆಂದು ನಮ್ಮವರು ಹಾರ ಹಾಕುವ ಈ ಹೆಂಗಸು ಗಲ್ಲಿಯಲ್ಲಿ ಪುಕ್ಕಟೆ ಕಲ್ಲಿದ್ದಲಿನ ಏಕೈಕ ಫಲಾನುಭವಿ. ಆ ನೀರಲ್ಲಿ ಮಿಂದು ಬೆಳೆದವಳು ನಾನು.

ಫೌಂಡ್ರಿ ಮುಚ್ಚಿದ್ದು ಎಷ್ಟೋ ವರ್ಷಗಳ ನಂತರ. ಯಜಮಾನರು ಮಾದನಾಯಕನಹಳ್ಳಿಯ ಕಡೆ ದೊಡ್ಡ ಶೆಡ್ಡು ಹಾಕಿ, ವಿದ್ಯುತ್ತಿನಲ್ಲಿ ಕಬ್ಬಿಣ ಕರಗಿಸುವ ಹೊಸ ಕುಲುಮೆ ತಂದರು. ಹೋಗುವಾಗ ಗೇಟಿಗೆ ಬ್ಯಾನರು ಕಟ್ಟಿದ್ದರು: ನಾವೀಗ ಹೊಗೆರಹಿತ. ಗಲ್ಲಿಯವರೆಲ್ಲ ಪೇಡೆ ಹಂಚಿದರು. ದೊಡ್ಡಮ್ಮ ಮಾತ್ರ ಖಾಲಿ ಬಕೆಟ್ ನೋಡಿ, "ಇನ್ಮೇಲೆ ಅಷ್ಟೊಂದು ಸೌದೆ ಎಲ್ಲಿಂದ ತರೋದು?" ಎಂದು ಒಂದು ವಾರ ಗೊಣಗಿದಳು. ಪೇಡೆಯನ್ನೂ ತಿಂದಳು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಚ್ಚಿಗೆ ಬಿದ್ದಾಗ ಈ ಕಥೆ ನನಗೆ ಬಹಳ ಅನ್ನ ಹಾಕಿತು. ಕಲ್ಲಿದ್ದಲನ್ನು ಕೈಬಿಡಬೇಕೇ ಎಂಬುದು ವಿಷಯ. ಪರ ಬಂದರೆ ನನ್ನ ಬಿಳಿ ಅಂಗಿ. ತೀರ್ಪುಗಾರರು ಕರ್ಚೀಫು ತೆಗೆಯುತ್ತಿದ್ದರು. ವಿರುದ್ಧ ಬಂದರೆ ದೊಡ್ಡಮ್ಮನ ಬಕೆಟ್ಟು, ಬಡವರ ಮನೆಯ ಬಿಸಿನೀರು. ಅದೇ ತೀರ್ಪುಗಾರರು ಅದೇ ಕರ್ಚೀಫನ್ನು ಮತ್ತೆ ತೆಗೆಯುತ್ತಿದ್ದರು. ಎರಡೂ ಕಡೆಯಿಂದ ಗೆದ್ದ ಕಪ್ಪುಗಳು ಇವತ್ತಿಗೂ ಅಮ್ಮನ ಶೋಕೇಸಿನಲ್ಲಿ ಅಕ್ಕಪಕ್ಕ ನಿಂತಿವೆ, ಜಗಳವಿಲ್ಲದೆ. ಕಂಬಿಯ ವಿಷಯವನ್ನು ಮಾತ್ರ ನಾನು ಯಾವ ಕಡೆಯಿಂದಲೂ ಹೇಳಿದ್ದಿಲ್ಲ. ಅದು ಪರವೂ ಅಲ್ಲ, ವಿರುದ್ಧವೂ ಅಲ್ಲ. ಅದರಿಂದ ಅಂಕ ಬರುವುದಿಲ್ಲ. ಕಾನೂನು ಓದದಿದ್ದರೂ ನನ್ನನ್ನು ಲಾಯರಮ್ಮ ಎಂದು ದೊಡ್ಡಮ್ಮ ಕರೆಯುವುದು ಆವಾಗಿನಿಂದ. ಅದು ಹೊಗಳಿಕೆ ಅಲ್ಲವೆಂದು ನನಗೆ ಗೊತ್ತಾಗಲು ತಡವಾಯಿತು.

ಈಗ ಮೆಷಿನ್ನಿನ ವಿಷಯಕ್ಕೆ ಬರುತ್ತೇನೆ. ಅದು ಈ ಮನೆಗೆ ಬಂದದ್ದೇ ಒಂದು ಮೀಟಿಂಗಿನ ಫಲ.

ಗಿರೀಶಣ್ಣನ ಅಪಾರ್ಟ್‌ಮೆಂಟಿಗೆ ಒಂದು ಹಸಿರು ಸಮಿತಿ ಇದೆ, ಗಿರೀಶಣ್ಣನೇ ಅದರ ಕಾರ್ಯದರ್ಶಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ಕಟ್ಟಡದ ಅಂದ ಕೆಡುತ್ತದೆ, ಆದ್ದರಿಂದ ಹಗ್ಗಗಳನ್ನು ಬಿಚ್ಚಬೇಕೆಂದು ಆ ಸಮಿತಿಯೇ ನೋಟಿಸು ಹಾಕಿತು. ಹಾಗಾದರೆ ತಾರಸಿ? ತಾರಸಿಯ ತುಂಬ ಸೋಲಾರ್ ಫಲಕಗಳು. ಅವುಗಳಿಂದ ಲಾಬಿಯ ದೀಪಗಳು ಉರಿಯುತ್ತವೆ, ಹಗಲೂ ಉರಿಯುತ್ತವೆ. ಬಿಸಿಲು ತಾನಾಗಿಯೇ ಒಣಗಿಸುತ್ತಿದ್ದ ಬಟ್ಟೆಗೆ ಬಿಸಿಲು ಬೀಳದಂತೆ ಮಾಡಿ, ಎಲ್ಲಿಂದಲೋ ಕರೆಂಟು ತಂದು ಒಣಗಿಸುವುದಕ್ಕೆ ಹಸಿರು ಎಂದು ಹೆಸರು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ದೊಡ್ಡಮ್ಮನಿಗೆ ಇದು ಅಂದಚಂದದ ಪ್ರಶ್ನೆಯಾಗಿರಲಿಲ್ಲ. ಆ ಮನೆಯಲ್ಲಿ ಅಡುಗೆಗೆ ಒಬ್ಬರು, ಗುಡಿಸಲು ಒಬ್ಬರು. ಅವಳದು ಎಂದು ಉಳಿದದ್ದು ತನ್ನ ಸೀರೆಯನ್ನು ತಾನೇ ಒಗೆದು, ಕೊಡವಿ, ಹಗ್ಗಕ್ಕೆ ಹಾಕಿ, ಬಿಸಿಲು ಸರಿದಂತೆ ಸರಿಸುವ ಕೆಲಸವೊಂದೇ. "ಅದನ್ನೂ ಕಿತ್ಕೊಂಡ್ರೆ ನಾನಿಲ್ಲಿ ಏನೋ ಮಾಡ್ಲಿ? ಸೋಫಾ ಕಾಯ್ಲಾ?" ಎಂದು ಮಗನನ್ನು ಕೇಳಿದಳು. ಅವನು ನಿಯಮ ಎಂದ. ತಾಯಿ ಮಗ ಮಾತು ಬಿಟ್ಟರು. ಅವಳು ನನಗೆ ಫೋನು ಮಾಡಿದಳು: "ಏನೇ ಲಾಯರಮ್ಮ, ಊರೋರಿಗೆಲ್ಲ ವಾದ ಮಾಡ್ತೀಯಲ್ಲ, ನಂಗೊಂದಿನ ಮಾಡು ಬಾ."

ಹೋದೆ. ಕ್ಲಬ್‌ಹೌಸಿನಲ್ಲಿ ಭಾನುವಾರ ಬೆಳಿಗ್ಗೆ ಮೀಟಿಂಗು. ಏಸಿ ಎಷ್ಟು ಜೋರಿತ್ತೆಂದರೆ ಕೆಲವರು ಶಾಲು ಹೊದ್ದು ಬಂದಿದ್ದರು. ನಾನೆದ್ದು ನಿಂತು, ಆ ಮೆಷಿನ್ನುಗಳಿಗೆ ಬೇಕಾದ ಕರೆಂಟು ಆಕಾಶದಿಂದ ಬೀಳುವುದಿಲ್ಲ, ರಾಯಚೂರು ಕಡೆ ಕಲ್ಲಿದ್ದಲು ಉರಿಸುವ ಒಲೆಗಳಿವೆ, ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಹೊಗೆ ಏಳುತ್ತದೆ ಎಂದೆ. ಚೆನ್ನಾಗಿಯೇ ಮಾತಾಡಿದೆ. ಅದೇ ತಪ್ಪಾಯಿತು. ಕಲ್ಲಿದ್ದಲು ಎಂಬ ಶಬ್ದ ಬಿದ್ದದ್ದೇ ತಡ, ಹಗ್ಗವನ್ನು ಎಲ್ಲರೂ ಮರೆತರು.

"ಮೇಡಂ, ಮೊದ್ಲು ಇಂಗ್ಲೆಂಡು ಅಮೆರಿಕದವರಿಗೆ ಹೋಗಿ ಹೇಳಿ. ನೂರಾರು ವರ್ಷ ಸುಟ್ಟೋರು ಅವ್ರು" ಎಂದರು ಒಬ್ಬರು.

"ಅವ್ರು ಸುಟ್ರು ಅಂತ ನಾವೂ ಸುಡೋದಾ? ಮಕ್ಕಳಿಗೇನ್ ಉತ್ತರ ಹೇಳ್ತೀರಾ?" ಎಂದರು ಇನ್ನೊಬ್ಬರು.

"ಅಣು ವಿದ್ಯುತ್ತೇ ದಾರಿ ಸಾರ್, ಬೇರೇನಿಲ್ಲ."

"ಕಲ್ಲಿದ್ದಲಿಲ್ದೇ ಇದ್ರೆ ಈ ಏಸಿನೂ ಇಲ್ಲ. ಅದು ನೆನಪಿರ್ಲಿ" ಎನ್ನುತ್ತ ಮೂಲೆಯಲ್ಲಿದ್ದವರೊಬ್ಬರು ಶಾಲನ್ನು ಇನ್ನಷ್ಟು ಬಿಗಿಮಾಡಿಕೊಂಡರು. "ಅಲ್ಲಾ ಮೇಡಂ, ನಮ್ಮನೆಗೆ ಬರೋ ಕರೆಂಟು ಕಲ್ಲಿದ್ದಲಿಂದೋ, ಗಾಳಿದೋ, ನೀರಿಂದೋ, ಹೆಂಗ್ರೀ ಹೇಳ್ತೀರಾ? ಅದರ ಮೇಲೆ ಹೆಸರು ಬರ್ದಿರುತ್ತಾ?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅಲ್ಲಿದ್ದ ಯಾರ ಮಾತೂ ಪೂರ್ತಿ ತಪ್ಪಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ. ಬೇಕು ಎನ್ನುವವರು, ಬೇಡ ಎನ್ನುವವರು, ಈಗಲೇ ಎನ್ನುವವರು, ನಿಧಾನ ಎನ್ನುವವರು. ಟೀವಿಯಲ್ಲಿ ಕೂತವರೂ ಹೀಗೆಯೇ, ನಾನು ಕಪ್ಪು ಗೆದ್ದ ವೇದಿಕೆಗಳಲ್ಲೂ ಹೀಗೆಯೇ. ಒಲೆ ಇರಬೇಕೋ ಬೇಡವೋ ಎಂಬುದನ್ನು, ಒಲೆಯ ಹೊಗೆ ಎಂದೂ ತಾಗದಷ್ಟು ದೂರ ಕೂತು, ಊಟದ ಹೊತ್ತಿನವರೆಗೆ ಮಾತಾಡುವುದು.

ಕೊನೆಗೆ ದೊಡ್ಡಮ್ಮ ಎದ್ದಳು. "ಸಾರ್, ವಾರಕ್ಕೆರಡು ಬೆಳಿಗ್ಗೆ ಕೊಡಿ ಸಾಕು. ಮಂಗಳವಾರ, ಶುಕ್ರವಾರ. ಆವತ್ತು ನೀವು ನೆಂಟರನ್ನ ಕರೀಬೇಡಿ, ಫೋಟೋ ತೆಗೀಬೇಡಿ. ಹತ್ತು ಗಂಟೆಗೆ ನಾನೇ ಎತ್ತಿಬಿಡ್ತೀನಿ. ಮಿಕ್ಕ ದಿನ ನಿಮ್ದು."

ಎಲ್ಲರೂ ನಕ್ಕರು, ಪ್ರೀತಿಯಿಂದಲೇ ನಕ್ಕರು. ಅಧ್ಯಕ್ಷರು, "ಅಜ್ಜಿ ಸಕ್ಕತ್ ಕ್ಯೂಟು" ಎಂದು, ಮುಂದಿನ ಸಭೆಯಲ್ಲಿ ನೋಡೋಣವೆಂದರು. ಆ ದಿನ ಸರ್ವಾನುಮತದಿಂದ ಪಾಸಾದದ್ದು ಹವಾಮಾನ ಜಾಗೃತಿ ನಡಿಗೆ, ಎಲ್ಲರಿಗೂ ಒಂದೊಂದು ಹಸಿರು ಟೀಶರ್ಟು. ಹೊರಬರುವಾಗ ದೊಡ್ಡಮ್ಮ ನನ್ನ ಕಿವಿಯಲ್ಲಿ, "ಒಂದು ಹಗ್ಗ ಉಳ್ಸು ಅಂದ್ರೆ ಭೂಮಿ ಉಳ್ಸೋಕೆ ಹೋದ್ಯಲ್ಲೇ" ಎಂದಳು.

ಮುಂದಿನ ಸಭೆ ಬರುವ ಮೊದಲೇ ಹಗ್ಗ ಬಿಚ್ಚಿದರು. ತಾಯಿ ಮತ್ತೆ ಮಾತಾಡಲಿ ಎಂದು ಗಿರೀಶಣ್ಣ ಮೆಷಿನ್ನು ತಂದ. ಅವನು ಕೆಟ್ಟವನಲ್ಲ, ಇದ್ದದ್ದರಲ್ಲಿ ಒಳ್ಳೆಯದನ್ನೇ ತಂದಿದ್ದಾನೆ.

ಟಿಂಗ್ ಎಂದು ಸದ್ದಾಗಿ ಮೆಷಿನ್ನು ನಿಂತಿತು. ಅಮರೇಶ ಟವೆಲ್ಲು ತೆಗೆದು ದೊಡ್ಡಮ್ಮನ ತೊಡೆಯ ಮೇಲಿಟ್ಟ. "ಮುಟ್ಟಿ ನೋಡ್ರಿ ಅಮ್ಮಾರ, ಹಪ್ಪಳ ಆಗೈತಿ. ನೀವು ಏನೂ ಮಾಡೂದು ಬ್ಯಾಡ್ರಿ. ಈ ಗುಂಡಿ ಒತ್ತೂದು, ಆತು."

"ಏನೂ ಮಾಡೋದು ಬೇಡ" ಎಂದು ದೊಡ್ಡಮ್ಮ ಮೆಲ್ಲಗೆ ಅವನ ಮಾತನ್ನೇ ಹೇಳಿದಳು. ಎದ್ದು, ಒಗೆದು ಹಿಂಡಿ ಬಕೆಟ್ಟಿನಲ್ಲಿಟ್ಟಿದ್ದ ತನ್ನ ಸೀರೆಯನ್ನು ಮೆಷಿನ್ನಿಗೆ ತುರುಕಿದಳು. ಬಾಗಿಲು ಹಾಕಿದಳು. ಗುಂಡಿಯ ಹತ್ತಿರ ಬೆರಳು ಒಯ್ದು ನಿಲ್ಲಿಸಿದಳು.

"ಯಾವೂರಪ್ಪ ನಿಂದು?"

"ರಾಯಚೂರ ಕಡೀರಿ."

ಚರ್ಚಾಸ್ಪರ್ಧೆಯಲ್ಲಿ ಇಂಥದನ್ನು ಹೇಳಿದರೆ, ಅನುಕೂಲಕ್ಕೆ ಕಟ್ಟಿದ್ದು ಎಂದು ಎದುರಾಳಿಗಳು ಎದ್ದು ನಿಲ್ಲುತ್ತಾರೆ. ಆದರೆ ಹೊಸೂರು ರಸ್ತೆಯಲ್ಲಿ ಕೈಗೆ ಸಿಕ್ಕವರ ಊರು ಕೇಳುತ್ತ ಹೋಗಿ. ಆ ಕಡೆಯವರು ಸಿಗದಿದ್ದರೆ ಹೇಳಿ.

"ಅಲ್ಲೊಂದು ದೊಡ್ಡೊಲೆ ಇದೆಯಂತಲ್ಲ? ಇವಳು ಮೀಟಿಂಗಲ್ಲಿ ಹೇಳಿದ್ಲು."

ನನ್ನ ಅಷ್ಟು ದೊಡ್ಡ ಭಾಷಣದಲ್ಲಿ ಅವಳು ಎತ್ತಿಟ್ಟುಕೊಂಡದ್ದು ಅದೊಂದೇ ಎಂದು ಆಗ ತಿಳಿಯಿತು.

"ಕರೆಂಟಿಂದಾ? ಐತ್ರಿ. ನಮ್ಮ ಮಾಳಗಿ ಮ್ಯಾಲೆ ನಿಂತ್ರ ಚಿಮಣಿ ಕಾಣ್ತಾವ್ರಿ."

"ಮನೇಲಿ ಯಾರಿದಾರೆ?"

"ಅವ್ವ ಅದಾಳ್ರಿ, ತಮ್ಮ ಅದಾನ."

"ಅಮ್ಮ ಬಟ್ಟೆ ಎಲ್ಲಿ ಒಣಹಾಕ್ತಾರೆ?"

ಅಮರೇಶನಿಗೆ ನಗು ಬಂತು. "ಮಾಳಗಿ ಮ್ಯಾಲೇರಿ ಅಮ್ಮಾರ. ಮತ್ತೆಲ್ಲಿ ಹಾಕ್ತಾರ?"

"ಅಮ್ಮಾ, ಅವ್ರು ಇನ್ನೊಂದು ಮನೆಗೆ ಹೋಗ್ಬೇಕು. ಬಿಡು" ಎಂದ ಗಿರೀಶಣ್ಣ. ಕರೆಂಟಿಗೆ ಹೆಸರು ಬರೆದಿರುವುದಿಲ್ಲ ದೊಡ್ಡಮ್ಮ ಎಂದು ನಾನೂ ಬಾಯಿ ತೆರೆದೆ. ಅದಕ್ಕೆ ಎದುರು ವಾದವೂ ನಾಲಿಗೆಯ ತುದಿಯಲ್ಲೇ ಇತ್ತು. ಎರಡನ್ನೂ ನುಂಗಿಕೊಂಡೆ. ದೊಡ್ಡಮ್ಮ ನಮ್ಮಿಬ್ಬರ ಕಡೆ ನೋಡಲೂ ಇಲ್ಲ. ಬೆರಳನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡು, ಚೀಲ ಹೆಗಲಿಗೇರಿಸಿ ನಿಂತಿದ್ದ ಅಮರೇಶನನ್ನು ಕೇಳಿದಳು:

"ಹಂಗಾದ್ರೆ ನಾನಿದನ್ನ ಒತ್ತೋ ಮುಂಚೆ ನಿಮ್ಮಮ್ಮಂಗೆ ಯಾರಪ್ಪಾ ಹೇಳೋದು?"