ಆರು ವೋಲ್ಟಿಗೂ ಒಂದು ಕಾಯದೆ

ಹಳಿಯಾಳದ ನಮ್ಮ ಮನೆಗೆ ಕಾರಿನ ಬ್ಯಾಟರಿಯ ಸಮೇತ ರೇಡಿಯೋ ಬಂದ ದಿನ ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ! ಕುಣಿಯುತ್ತಿದ್ದೆವು, ಅದೊಂದು ಕಾರಣ; ಕರೆಂಟು ಹೊಡೆದೀತು, ಊಟದ ಮಣೆ ಹತ್ತಿ ನಿಲ್ಲದೆ ಯಾರೂ ಅದನ್ನು ಮುಟ್ಟಬಾರದೆಂದು ಅಜ್ಜಿಯ ಕಟ್ಟಪ್ಪಣೆ, ಅದಿನ್ನೊಂದು. ಸರಕಾರದ ಕಾಯದೆ ಏನನ್ನುತ್ತದೋ ಎಂದು ಅಂಜಿದ ಅಪ್ಪ, ಕಟ್ಟಿಗೆ ಮಿಲ್ಲಿನ ಡೈನಮೋ ತಪಾಸಣೆಗೆ ಬಂದಿದ್ದ ವಿದ್ಯುತ್ ಇನ್ಸ್‌ಪೆಕ್ಟರರನ್ನೇ ಕರೆತಂದರು.

“ಬರೇ ಆರು ವೋಲ್ಟ್! ಇದಕ್ಕ ನಮ್ಮ ಕಾಯದೆ ಲಾಗೂ ಆಗಂಗಿಲ್ಲರಿ,” ಎಂದು ನಗುತ್ತ ಅವರು ನೋಡಲು ಬಗ್ಗಿದರು. ಅವರ ಕಿಸೆಗಡಿಯಾರದ ಸರಪಳಿ ಜೋತುಬಿದ್ದು ಬ್ಯಾಟರಿಯ ಎರಡೂ ತುದಿಗೆ ತಾಗಿತು. ಛಟಾರನೆ ಕಿಡಿ! ಸಾಹೇಬರು ಬಾಗಿಲ ತನಕ ಹಾರಿದರು.

ಅಜ್ಜಿ ಮಣೆಯನ್ನು ಮುಂದೆ ತಳ್ಳಿದಳು. “ನಿಮ್ಮ ಕಾಯದೆ ಇಲ್ಲಂದ್ರ ಬಿಡ್ರಿ, ನಂದೈತಿ. ಹತ್ತರಿ.”

ಸಾಹೇಬರು ಬೂಟು ಕಳಚಿ ಮಣೆ ಹತ್ತಿದರು.