ಕಣ್ಣಲ್ಲಿ ನೋಡಿ ಒಪ್ಪಿದ ಪ್ರಶ್ನೆಪತ್ರಿಕೆ

ನನ್ನ ಅಕ್ಕನ ಮೇಜಿನ ಮೇಲೆ ಪರದೆಯಿಲ್ಲ. ಕೀಲಿಮಣೆ ಇದೆ, ಎಡಗಿವಿಗೆ ಮಾತ್ರ ಸಿಕ್ಕಿಸಿಕೊಳ್ಳುವ ಇಯರ್‌ಫೋನ್ ಇದೆ, ಕಾಲಬುಡದಲ್ಲಿ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಇದೆ. ಬಂದವರೆಲ್ಲ ಮೊದಲು ಕೇಳುವುದು ಪರದೆ ಎಲ್ಲಿ ಎಂದು. "ಯಾಕೆ, ನಾನೇನು ಅದ್ರಲ್ಲಿ ಮುಖ ನೋಡ್ಕೊಳ್ಬೇಕಾ?" ಎನ್ನುತ್ತಾಳೆ ಅಕ್ಕ. ಅವಳಿಗೆ ಒಂಬತ್ತನೇ ವಯಸ್ಸಿಗೆ ಕಣ್ಣು ಹೋಯಿತು. ಈಗ ನಲವತ್ತಾರು.

ನಾವಿಬ್ಬರೂ ಕೆಲಸ ಮಾಡುವುದು ಬ್ರೈಲ್ ಮುದ್ರಣಾಲಯದಲ್ಲಿ. ಕಣ್ಣು ಕಾಣದವರು ಬೆರಳಿನಿಂದ ಓದುವ ಚುಕ್ಕಿಯ ಪುಸ್ತಕಗಳನ್ನು ಅಲ್ಲಿ ಅಚ್ಚು ಹಾಕುತ್ತೇವೆ. ನಾನು ಹಾಳೆಗಳಿಗೆ ತೂತು ಹೊಡೆದು ಸುರುಳಿ ತಂತಿ ಪೋಣಿಸುವವನು. ಅಕ್ಕ ಸಾದಾ ಅಕ್ಷರದ ಕಡತವನ್ನು ಚುಕ್ಕಿಗೆ ತಿರುಗಿಸಿ ಮುದ್ರಕಕ್ಕೆ ಕಳಿಸುವವಳು. ಮೌಸು, ಬಟನ್ನು, ಬಣ್ಣದ ಕಿಟಕಿ ಯಾವುದೂ ಅವಳಿಗೆ ಬೇಡ. ಆದೇಶವನ್ನು ಒಂದೊಂದೇ ಸಾಲಾಗಿ ಟೈಪ್ ಮಾಡುತ್ತಾಳೆ. ಯಂತ್ರ ಕೊಡುವ ಉತ್ತರವನ್ನು ಒಂದು ತಂತ್ರಾಂಶ ಅವಳ ಕಿವಿಗೆ ಓದಿ ಹೇಳುತ್ತದೆ, ನನಗೆ ಒಂದಕ್ಷರವೂ ತಿಳಿಯದಷ್ಟು ವೇಗವಾಗಿ. ಇಪ್ಪತ್ತೆರಡು ವರ್ಷದಿಂದ ಇದೇ ಅವಳ ಬದುಕು.

ಸಿಟ್ಟು ನಮ್ಮ ಮನೆಯ ಆಸ್ತಿ. ಅಪ್ಪನಿಂದ ಇಬ್ಬರಿಗೂ ಸಮನಾಗಿ ಬಂದಿದೆ. ನನ್ನದು ಮೂಗಿನ ತುದಿಯಲ್ಲಿರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಅಕ್ಕನದು ಹಾಗಲ್ಲ. ಸಿಟ್ಟು ಬಂದರೆ ಅವಳ ದನಿ ತಗ್ಗುತ್ತದೆ, ಬೆರಳುಗಳ ವೇಗ ಹೆಚ್ಚುತ್ತದೆ.

ಆರು ತಿಂಗಳ ಹಿಂದೆ ಬಂದ ಮ್ಯಾನೇಜರಿಗೆ ನಾವಿಟ್ಟ ಹೆಸರು ಅಚ್ಚುಕಟ್ಟು. ಅವರ ಬಾಯಲ್ಲಿ ನಿಮಿಷಕ್ಕೊಮ್ಮೆ ಬರುವ ಮಾತು ಅದೇ. ಮೊದಲು ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅಚ್ಚಾದ ಮೊದಲ ಪ್ರತಿಯನ್ನು ಅಕ್ಕ ಬೆರಳಿಂದ ಗಟ್ಟಿಯಾಗಿ ಓದುತ್ತಿದ್ದಳು, ಎದುರಿಗೆ ಕಣ್ಣಿದ್ದವರೊಬ್ಬರು ಮೂಲ ಹಾಳೆ ಹಿಡಿದು ಹೋಲಿಸುತ್ತಿದ್ದರು. ಅಚ್ಚುಕಟ್ಟು ಅದನ್ನು ನಿಲ್ಲಿಸಿದರು. ಒಂದು ಕೆಲಸಕ್ಕೆ ಇಬ್ಬರು ಯಾಕೆ, ಕಣ್ಣಿರುವ ಒಬ್ಬರು ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಸಾಕಲ್ಲ ಎಂದರು. ಬ್ರೈಲನ್ನು ಕಣ್ಣಿಂದ ನೋಡುವುದು! ಅಕ್ಕ ಅಂದೇ ಹೇಳಿದ್ದಳು: "ಕಾಫಿಗೆ ಸಕ್ಕರೆ ಸಾಕಾ ಅಂತ ಕಿವಿ ಹತ್ರ ಹಿಡ್ಕೊಂಡು ನೋಡೋ ಜಾತಿ ಇವ್ರು." ಎಲ್ಲರೂ ನಕ್ಕೆವು. ನಕ್ಕು ಸುಮ್ಮನಾದೆವು.

ಈಗ ನಡೆದದ್ದನ್ನು ಹೇಳುತ್ತೇನೆ. ಅಕ್ಕ ಜ್ವರ ಬಂದು ಹನ್ನೆರಡು ದಿನ ರಜೆಯಲ್ಲಿದ್ದಳು. ಅವಳು ಕೆಲಸಕ್ಕೆ ಮರಳಿದ ಎರಡನೇ ದಿನ, ಅವಳು ಬರುವ ಮೊದಲೇ ಅಚ್ಚುಕಟ್ಟು ಅಚ್ಚಿಗೆ ಕಳಿಸಿದ್ದ ನಲವತ್ತೊಂದು ಮಕ್ಕಳ ಗಣಿತ ಪ್ರಶ್ನೆಪತ್ರಿಕೆ ಅಚ್ಚಾಗುತ್ತಿತ್ತು. ಪರೀಕ್ಷೆ ಮರುದಿನ ಬೆಳಿಗ್ಗೆ. ಸಂಜೆ ನಾಲ್ಕಕ್ಕೆ ಪರೀಕ್ಷಾ ಮಂಡಳಿಯ ವ್ಯಾನು ಬರಬೇಕು. ಅಚ್ಚುಕಟ್ಟು ಒಂದು ಪ್ರತಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ ಸಹಿ ಹಾಕಿಯಾಗಿತ್ತು. ಹನ್ನೊಂದೂವರೆಗೆ ನನ್ನ ಮೇಜಿನ ಪಕ್ಕ ಹಾದುಹೋಗುತ್ತಿದ್ದ ಅಕ್ಕ ರಾಶಿಯ ಮೇಲೆ ಕೈಯಿಟ್ಟಳು. ಬೆರಳು ಅರ್ಧ ಸಾಲು ಓಡಿ ನಿಂತಿತು.

"ಇದೇನೋ ಇದು?"

"ಗಣಿತ. ನಾಳೇದು."

"ಅಂಕಿ ಎಲ್ಲಿ?"

ಬ್ರೈಲ್‌ನಲ್ಲಿ ಒಂದೊಂದು ಅಕ್ಷರಕ್ಕೂ ಮೂರು ಸಾಲು ಚುಕ್ಕಿಯ ಜಾಗ; ಅಂಕಿಯ ಚುಕ್ಕಿಗಳು ಅದರ ಮೇಲಿನ ಎರಡು ಸಾಲಿನಲ್ಲಿರುತ್ತವೆ. ಅವೇ ಚುಕ್ಕಿಗಳು ಒಂದು ಮೆಟ್ಟಿಲು ಕೆಳಗಿಳಿದರೆ ಒಂದು ಹೋಗಿ ಅಲ್ಪವಿರಾಮವಾಗುತ್ತದೆ, ಎರಡು ಅರ್ಧವಿರಾಮವಾಗುತ್ತದೆ, ಎಂಟು ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಹಾಗೆ ಕೆಳಗಿಳಿಸಿ ಬರೆಯುವ ಪದ್ಧತಿಯೂ ಬೇರೆ ಕಡೆ ಇದೆ. ನಮ್ಮ ಮಕ್ಕಳು ಕಲಿತದ್ದು ಅದಲ್ಲ. ಕಣ್ಣಿಗೆ ಎರಡೂ ಒಂದೇ ಥರದ ಚುಕ್ಕಿ. ಅಕ್ಕ ಓದಿ ಹೇಳಿದಳು: "ಒಂದು ತ್ರಿಕೋನದ ಒಂದು ಬಾಹು ಅಲ್ಪವಿರಾಮ ಅರ್ಧವಿರಾಮ ಸೆಂಟಿಮೀಟರ್. ಬಿಡಿಸು ನೋಡೋಣ."

ಅಚ್ಚುಕಟ್ಟು ಬಂದರು, ಸಾಧ್ಯವೇ ಇಲ್ಲ ಎಂದರು. ತಮ್ಮ ಪರದೆಯನ್ನೇ ಹೊತ್ತು ತಂದು ಅಕ್ಕನ ಯಂತ್ರಕ್ಕೆ ಸಿಕ್ಕಿಸಿ ಸೆಟ್ಟಿಂಗ್ ಕಡತ ತೆರೆದು ತೋರಿಸಿದರು. ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂದು ಹೇಳುವುದು ಬ್ರೈಲ್ ಪಟ್ಟಿ; ಯಾವ ಪಟ್ಟಿ ಬಳಸಬೇಕು ಎಂಬ ಸಾಲಿನಲ್ಲಿ ಸರಿಯಾದ ಹೆಸರೇ ಇತ್ತು. "ನೀವೇ ನಿಮ್ಮ ಅಕ್ಕನಿಗೆ ಹೇಳಿ. ಜ್ವರದಿಂದ ಎದ್ದು ಬಂದಿದ್ದಾರೆ, ಬೆರಳು ಸ್ವಲ್ಪ ಮಂಕಾಗಿರುತ್ತೆ," ಎಂದರು ನನಗೆ.

ನನ್ನ ಮೈ ಉರಿದುಹೋಯಿತು. ಆದರೂ ಪರದೆ ನೋಡಿದೆ. ಸಾಲು ಸರಿಯಾಗಿತ್ತು. "ಅಕ್ಕ, ಇಲ್ಲೇನೋ ಸರಿಯಾಗೇ ಇದೆಯಲ್ಲ," ಎಂದುಬಿಟ್ಟೆ. ಅಕ್ಕ ನನ್ನ ಕಡೆ ಮುಖ ತಿರುಗಿಸಲಿಲ್ಲ. "ಓಹೋ, ನೀನೂ ನೋಡಿದ್ಯಾ," ಎಂದಳು, ಮೆಲ್ಲಗೆ.

ಅವಳು ಕೂತಳು, ಇಯರ್‌ಫೋನ್ ಸಿಕ್ಕಿಸಿಕೊಂಡಳು. ಒಂದು, ಎರಡು, ಎಂಟು ಎಂಬ ಮೂರೇ ಅಂಕಿಗಳ ಕಡತ ಮಾಡಿ ಅಚ್ಚಿಗೆ ಕಳಿಸಿದಳು. ಬಂದ ಹಾಳೆ ಮುಟ್ಟಿದಳು. ಮತ್ತೆ ಅಲ್ಪವಿರಾಮ. ಕಂಪ್ಯೂಟರ್ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಅಲ್ಪವಿರಾಮ. ಪಟ್ಟಿಯ ಕಡತವೇ ಕೆಟ್ಟಿದೆಯೋ ಎಂದು ಅದನ್ನು ಹಳೆಯ ಪ್ರತಿಯ ಜೊತೆ ಹೋಲಿಸಿ ನೋಡಿದಳು. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಗಂಟೆ ಹನ್ನೆರಡೂವರೆ ಆಯಿತು. ಅಚ್ಚುಕಟ್ಟು ಹಿಂದೆ ನಿಂತು ಗಡಿಯಾರ ನೋಡುತ್ತ, "ವ್ಯಾನು ಕಾಯಲ್ಲ ಮೇಡಂ," ಎಂದು ಜಪ ಮಾಡುತ್ತಿದ್ದರು. ಅವರ ಬಾಯಿಗೊಂದು ಬೀಗ ಜಡಿಯೋಣ ಎನ್ನಿಸುತ್ತಿತ್ತು ನನಗೆ.

ಆಗ ಅಕ್ಕ ಸೆಟ್ಟಿಂಗ್ ಕಡತ ತೆರೆದು ಸರಿಯಾಗಿದ್ದ ಆ ಸಾಲನ್ನು ಅಳಿಸಿದಳು. ಅದರ ಜಾಗದಲ್ಲಿ ಬಾಯಿಗೆ ಬಂದ ಒಂದು ಕೆಟ್ಟ ಹೆಸರು ಬರೆದಳು. ಆ ಹೆಸರನ್ನು ಇಲ್ಲಿ ಹೇಳುವ ಹಾಗಿಲ್ಲ.

"ಏನ್ ಮಾಡ್ತಿದ್ದೀರಿ! ಇದ್ದಿದ್ದನ್ನೂ ಹಾಳು ಮಾಡ್ತಿದ್ದೀರಲ್ಲ!" ಅಚ್ಚುಕಟ್ಟು ಕೂಗಿದರು.

"ಹಾಳಾಗ್ಲಿ ಅಂತಾನೇ ಮಾಡ್ತಿರೋದು. ಇಂಥ ಪಟ್ಟಿ ಪ್ರಪಂಚದಲ್ಲೇ ಇಲ್ಲ. ಇದು ಈ ಕಡತ ಓದೋದೇ ಆದ್ರೆ ಈಗ ಬಾಯಿ ಬಡ್ಕೋಬೇಕು."

ಆದೇಶ ಕೊಟ್ಟಳು. ತಂತ್ರಾಂಶ ಬಾಯಿ ಬಡಿದುಕೊಳ್ಳಲಿಲ್ಲ. ಏನೂ ಆಗಿಲ್ಲವೆಂಬಂತೆ ಹಾಳೆ ಹೊರಬಂತು. ಅದೇ ಅಲ್ಪವಿರಾಮ. ಅಕ್ಕ ಕುರ್ಚಿಗೆ ಒರಗಿ, "ಸಿಕ್ಬಿದ್ದ," ಎಂದಳು. ಒಂದು ಗಂಟೆಯಿಂದ ನಾವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ ಕಡತವನ್ನು ಆ ತಂತ್ರಾಂಶ ತೆರೆದೇ ಇರಲಿಲ್ಲ.

ಹಾಗಾದರೆ ಓದುತ್ತಿರುವುದು ಯಾವುದನ್ನು? ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳು ಎಂಬ ಒಂದು ಆಯ್ಕೆ ಸೇರಿಸಿ ಅಕ್ಕ ಅದೇ ಆದೇಶವನ್ನು ಮತ್ತೆ ಕೊಟ್ಟಳು. ಕಿವಿಯಲ್ಲಿ ಹತ್ತಾರು ಸಾಲು ಗಿಜಿಗುಟ್ಟಿದವು. ಒಂದು ಕಡೆ ಬೆರಳು ನಿಂತಿತು. ನಾವೆಲ್ಲ ಬಳಸುವುದು ಒಂದೇ ಖಾತೆ. ಆ ಖಾತೆಯ ಸ್ವಂತ ಫೋಲ್ಡರಿನೊಳಗೆ, ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟ ಇನ್ನೊಂದು ಸೆಟ್ಟಿಂಗ್ ಕಡತವಿತ್ತು. ಹಾಗೆ ಚುಕ್ಕಿ ಇಟ್ಟ ಕಡತಗಳು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಖಾತೆಯ ಕಡತ ಇದ್ದರೆ ತಂತ್ರಾಂಶ ಅದರ ಮಾತನ್ನೇ ಕೇಳುತ್ತದೆ, ನಾವು ನೋಡುತ್ತಿದ್ದ ವ್ಯವಸ್ಥೆಯ ಕಡತಕ್ಕೆ ಕಾಸಿನ ಬೆಲೆ ಇಲ್ಲ.

"ಇದನ್ನ ಯಾರು ಮಾಡಿದ್ದು?"

ಅಚ್ಚುಕಟ್ಟು ಮೊದಲು ತಮಗೆ ಗೊತ್ತಿಲ್ಲ ಎಂದರು. ಆಮೇಲೆ ನೆನಪಾಯಿತು. ಅಕ್ಕ ರಜೆಯಲ್ಲಿದ್ದಾಗ, ಯಾರು ಬೇಕಾದರೂ ಅಚ್ಚು ಹಾಕಲಿ ಎಂದು ಅವರು ಈ ಯಂತ್ರಕ್ಕೆ ತಮ್ಮ ಪರದೆ ಸಿಕ್ಕಿಸಿ ಬಟನ್ನುಗಳ ಕಿಟಕಿಯೊಂದನ್ನು ತಂದು ಹಾಕಿದ್ದರು. ಅದರಲ್ಲಿ ಬ್ರೈಲ್ ಪಟ್ಟಿಗಳ ಸಾಲಿನಿಂದ ಒಂದನ್ನು ಆರಿಸಿ, ಉಳಿಸು ಎಂಬ ಬಟನ್ ಒತ್ತಿದ್ದರು. "ಮೇಲ್ಗಡೆ ಇದ್ದಿದ್ದನ್ನೇ ಆರಿಸ್ದೆ. ಎಲ್ಲಾ ಒಂದೇ ಅಂದ್ಕೊಂಡೆ," ಎಂದರು.

ಅಕ್ಕ ಆ ಕಡತವನ್ನು ಪಕ್ಕಕ್ಕೆ ಸರಿಸಿದಳು, ಕೆಟ್ಟ ಹೆಸರು ಅಳಿಸಿ ಮೊದಲಿನದನ್ನೇ ಬರೆದಳು, ಅಚ್ಚು ಹಾಕಿದಳು. ಹಾಳೆಯ ಮೇಲೆ ಬೆರಳಾಡಿಸಿ, "ಒಂದು, ಎರಡು, ಎಂಟು," ಎಂದಳು. ಒಂದೂ ಇಪ್ಪತ್ತು. ನಾನು ಹಳೆಯ ರಾಶಿಯನ್ನು ಎತ್ತಿ ಮೂಲೆಗೆ ಒಗೆದೆ. ಮುದ್ರಕ ಮತ್ತೆ ಕಟಕಟ ಎನ್ನತೊಡಗಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಕ್ಕನ ಬೆರಳುಗಳು ಇನ್ನೂ ಓಡುತ್ತಿದ್ದವು. ಆ ಗುಪ್ತ ಕಡತ ಹುಟ್ಟಿದ ತಾರೀಖನ್ನು ಯಂತ್ರದಿಂದ ಕೇಳುತ್ತಿದ್ದಳು.

"ಒಂಬತ್ತು ದಿನ ಆಗಿದೆ," ಎಂದಳು. "ಹೋದ ಶುಕ್ರವಾರ ವಿಜ್ಞಾನದ ಪರೀಕ್ಷೆ ಆಯ್ತಲ್ಲ. ಅದನ್ನ ಅಚ್ಚು ಹಾಕಿದ್ದು ಯಾವತ್ತು?"

ಅಚ್ಚು ಹಾಕಿದ್ದು ಏಳು ದಿನದ ಹಿಂದೆ. ಅದೇ ನಲವತ್ತೊಂದು ಮಕ್ಕಳು. ವೇಗ, ತೂಕ, ಉಷ್ಣತೆ, ಎಲ್ಲ ಅಂಕಿ.

"ಯಾರು ನೋಡಿ ಸಹಿ ಹಾಕಿದ್ದು?"

ಅಲ್ಲಿಯವರೆಗೆ ನಾನು ಅಚ್ಚುಕಟ್ಟನ್ನು ಮನಸ್ಸಿನಲ್ಲೇ ಜಗಿದು ಉಗಿಯುತ್ತಿದ್ದೆ. ರಿಜಿಸ್ಟರ್ ತೆರೆಯುವ ಅಗತ್ಯ ನನಗಿರಲಿಲ್ಲ. ಸಹಿ ನನ್ನದು. ಅಂದು ನಾನು ಹಾಳೆ ಹರಿದಿಲ್ಲ, ಸಾಲು ಓರೆಯಿಲ್ಲ, ಚುಕ್ಕಿ ಚೆನ್ನಾಗಿ ಎದ್ದಿದೆ ಎಂದು ನೋಡಿ, ಊಟದ ಹೊತ್ತಾಯಿತೆಂದು ಗೀಚಿ ಎದ್ದುಹೋಗಿದ್ದೆ. ಮನೆಗೆ ತಂದು ಅಕ್ಕನ ಮಂಚದ ಮೇಲೆ ಒಂದು ಹಾಳೆ ಇಟ್ಟಿದ್ದರೆ ಸಾಕಿತ್ತು. ಜ್ವರದಲ್ಲೂ ಅವಳು ಒಂದೇ ನಿಮಿಷಕ್ಕೆ ಹೇಳುತ್ತಿದ್ದಳು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿಲ್ಲ, ಇವತ್ತಿಗೂ ಇಳಿದಿಲ್ಲ.

"ನಾನೇ," ಎಂದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಚ್ಚುಕಟ್ಟು ಗಂಟಲು ಸರಿಮಾಡಿಕೊಂಡು, "ನೋಡಿ, ಒಂದೇ ಒಂದು ದೂರು ಬಂದಿಲ್ಲ. ಅಂದ್ರೆ ಮಕ್ಕಳು ಹೇಗೋ ಓದ್ಕೊಂಡಿದ್ದಾರೆ. ಸುಮ್ನೆ ಕೆದಕೋದು ಬೇಡ," ಎಂದರು.

"ದೂರು ಯಾಕೆ ಬಂದಿಲ್ಲ ಅಂತ ನನಗೆ ಗೊತ್ತು," ಎಂದಳು ಅಕ್ಕ. ಪರೀಕ್ಷಾ ಮಂಡಳಿಗೆ ಪತ್ರ ಟೈಪ್ ಮಾಡಿದಳು. ತಪ್ಪೇನು, ಯಾವಾಗಿನಿಂದ, ಪಟ್ಟಿ ಆರಿಸಿದವರು ಯಾರು, ನೋಡಿ ಒಪ್ಪಿದವರು ಯಾರು, ಎಲ್ಲ. ವಿಜ್ಞಾನದ ಪರೀಕ್ಷೆ ಮತ್ತೆ ನಡೆಸಬೇಕು ಎಂದು ಬರೆದಳು. "ನಿನ್ನ ಹೆಸರು ಹಾಕ್ತಿದ್ದೀನಿ," ಎಂದಳು. ಹಾಕು ಎಂದೆ. ಅಚ್ಚುಕಟ್ಟು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪತ್ರ ಹೋಗಿತ್ತು. ಅವರು ಬಾಗಿಲು ಬಡಿದುಕೊಂಡು ಹೊರನಡೆದರು.

ಮೂರೂವರೆಗೆ ಕೊನೆಯ ಪ್ರತಿ ಬಂತು. ಅಕ್ಕ ಇಡೀ ಪತ್ರಿಕೆ ಗಟ್ಟಿಯಾಗಿ ಓದಿದಳು, ನಾನು ಎದುರು ಕೂತು ಹೋಲಿಸಿದೆ. ವ್ಯಾನು ಹೋಯಿತು. ನಂತರ ಅಕ್ಕ ಮಕ್ಕಳ ಹಾಸ್ಟೆಲಿಗೆ ಫೋನ್ ಮಾಡಿದಳು. ನಾಳೆ ಮಕ್ಕಳು ಹೆದರದೆ ಬರೆಯಲಿ ಎಂದು ಅವಳ ಆಸೆ. ವಾರ್ಡನ್ ಒಬ್ಬ ಹುಡುಗಿಯನ್ನು ಕರೆದು ಕೊಟ್ಟರು. ಅಕ್ಕ ಸ್ಪೀಕರ್ ಹಾಕಿ, ವಿಜ್ಞಾನದ ಪತ್ರಿಕೆ ಹೇಗಿತ್ತು ಎಂದು ಕೇಳಿದಳು.

"ನನಗೆ ಅಂಕಿ ಒಂದೂ ಓದಕ್ಕಾಗ್ಲಿಲ್ಲ ಅಕ್ಕ," ಎಂದಳು ಹುಡುಗಿ. "ಕೈ ಎತ್ತಿದೆ. ಮೇಷ್ಟ್ರು ಬಂದು ನೋಡಿ, ಚುಕ್ಕಿ ಎಲ್ಲಾ ಸರಿಯಾಗೇ ಇದೆ, ನೀನು ಸರಿಯಾಗಿ ಮುಟ್ಟು ಅಂದ್ರು. ಯಾರಿಗೂ ಹೇಳ್ಬೇಡಿ. ಶುಕ್ರವಾರದಿಂದ ದಿನಾ ಒಂದರಿಂದ ಹತ್ತು ಮತ್ತೆ ಕಲೀತಿದ್ದೀನಿ. ನನಗೆ ಮರ್ತೇ ಹೋಗಿದೆ ಅನ್ಸುತ್ತೆ."

ಅಕ್ಕ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿಂಗೆ ಮರ್ತಿಲ್ಲ ಕಣೇ," ಎಂದಳು. "ನಾವು ತಪ್ಪು ಅಚ್ಚು ಹಾಕಿದ್ವಿ."

ಹುಡುಗಿ ಕೇಳಿದಳು, "ಮತ್ತೆ ನಾಳೇದು?"

"ನಾಳೇದನ್ನ ನಾನೇ ಮುಟ್ಟಿ ಓದಿದ್ದೀನಿ. ಹೋಗಿ ಮಲ್ಕೋ."